ಅಣ್ಣ ಕಂಬದಿಂದ ಬಿದ್ದ…

"ಇದ್ರೊಳಗೆ ಮೀನು ಸಾಕಿದ್ರಾ ಮೇಡಮ್?"

ಕೇಳಿದವನು ಮಂಡ್ಯದ ಕಂಪ್ಯೂಟರ್ ರಿಪೇರಿ ಅಂಗಡಿಯವನು. ನನ್ನ ಹಳೆಯ ಡಬ್ಬದ ಮುಚ್ಚಳ ಬಿಚ್ಚಿ, ಒಳಗಿನ ಫ್ಯಾನಿಗೆ ಗಟ್ಟಿಯಾಗಿ ಹಿಡಿದಿದ್ದ ಧೂಳನ್ನು ಬ್ರಷ್ಷಿನಲ್ಲಿ ಕೆರೆಯುತ್ತಿದ್ದ. ನಾನು ಬಗ್ಗಿ ಮೂಸಿದೆ. ಸುಣ್ಣದ ಹಾಗೆ ಒಣಗಿದ ಹಿಕ್ಕೆ, ಬಿಸಿಲಿಗೆ ಕಾದ ಹುಣಿಸೆ ಎಲೆ, ಅದರ ನಡುವೆ ಹಳಸಿದ ಮೀನು. ಇಷ್ಟು ವರ್ಷವೂ ಆ ಡಬ್ಬದೊಳಗೆ ಒಂದು ಇಡೀ ಬೇಸಿಗೆ ಕೂತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. "ಸಾಕಿರಲಿಲ್ಲಪ್ಪ, ಮೀನು ತಿನ್ನೋರ ಜೊತೆ ಇತ್ತು" ಅಂದೆ. ಅವನು ಏನು ತಿಳಿದುಕೊಂಡನೋ, ಒಂದು ಸಲ ನನ್ನ ಮುಖ ನೋಡಿ ಮತ್ತೆ ಬ್ರಷ್ಷು ಆಡಿಸತೊಡಗಿದ.

ಮೀನು ತಿನ್ನೋರು ಅಂದರೆ ಕೊಕ್ಕರೆಗಳು. ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ಗಣಿತದ ಟೀಚರಾಗಿ ಹೋದ ವರ್ಷ ನಾನು ಕೊಕ್ಕರೆ ಬೆಳ್ಳೂರಿನಲ್ಲಿ ಬಾಡಿಗೆಗೆ ಇದ್ದೆ. ಮಂಡ್ಯದ ನಮ್ಮ ಮನೆಯವರು ತಲೆತಲಾಂತರದಿಂದ ಪೂಜೆ ಮಾಡಿಕೊಂಡು ಬಂದವರು, ಈರುಳ್ಳಿ ಹೆಚ್ಚಿದರೂ ಕಿಟಕಿ ತೆಗೆಯುವವರು. ನಮ್ಮಮ್ಮ ಒಂದೇ ಒಂದು ಸಲ ನನ್ನ ಕೋಣೆ ನೋಡಲು ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಾಫಿ ಕುಡಿದು, "ಇಲ್ಲಿ ಹೇಗೆ ಅನ್ನ ಇಳಿಯುತ್ತೇ ನಿನಗೆ?" ಎಂದು ಕೇಳಿ ಮುಂದಿನ ಬಸ್ಸಿಗೇ ಹೊರಟಳು. ಮೊದಲ ವಾರ ನನಗೂ ಇಳಿದಿರಲಿಲ್ಲ. ಎರಡನೇ ವಾರ ವಾಸನೆ ಮರೆತುಹೋಯಿತು.

ನನಗೆ ಕೋಣೆ ಕೊಟ್ಟವರು ಜಯಮ್ಮ. ಅವರ ಯಜಮಾನರು ಸಿದ್ದೇಗೌಡರು ಕಬ್ಬು, ಭತ್ತ ಬೆಳೆಯುವವರು, ಮಾತು ಕಮ್ಮಿ. ಗಂಡನ ಪಾಲಿನ ಮಾತನ್ನೂ ಜಯಮ್ಮನೇ ಆಡಿ ಮುಗಿಸುತ್ತಿದ್ದರು. ಮನೆಯ ಮುಂದೆ ದೊಡ್ಡ ಹುಣಿಸೆಮರ, ಮರದ ತುಂಬ ಬಣ್ಣದ ಕೊಕ್ಕರೆ, ಮೇಲಿನ ಕೊಂಬೆಗಳಲ್ಲಿ ಚೀಲದ ಕೊಕ್ಕಿನ ಹೆಜ್ಜಾರ್ಲೆ. ಸಂಕ್ರಾಂತಿ ಕಳೆದ ಮೇಲೆ ಮಗಳು ಸವಿತ ಬಂದಳು. ಅವಳನ್ನು ಮಳವಳ್ಳಿಗೆ ಕೊಟ್ಟಿದ್ದರು. ಗಂಡ ಮಹೇಶ ಅಲ್ಲಿ ಕರೆಂಟಿನ ಲೈನ್‌ಮ್ಯಾನು. ಹಿಂದೆ ಎರಡು ಸಲ ಅವಳ ಹೊಟ್ಟೆಯಲ್ಲಿ ಮಗು ನಿಂತಿರಲಿಲ್ಲ. ಈ ಸಲ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು, ಬಚ್ಚಲಿಗೆ ಬಿಟ್ಟು ಇನ್ನೆಲ್ಲಿಗೂ ಏಳಕೂಡದು, ಹೆದರಕೂಡದು, ಹೆರಿಗೆಯ ತನಕ ಮಲಗಿರಬೇಕು. ಹಾಗಾಗಿ ಸವಿತ ಒಳಕೋಣೆಯಲ್ಲಿ ಎಡಮಗ್ಗುಲಾಗಿ ಮಲಗಿದಳು. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಹಿಂದಿನ ಮನೆಯ ಗೋಡೆಗೆ ತೆರೆದುಕೊಳ್ಳುತ್ತಿತ್ತು.

ಅದೇ ಹೊತ್ತಿಗೆ ಹಕ್ಕಿಗಳ ಅಧ್ಯಯನ ಮಾಡುವ ಕೆಲವರು ಬಂದು ಜಯಮ್ಮನ ತಾರಸಿಯ ಮೇಲೆ ಒಂದು ಕ್ಯಾಮೆರಾ ನಿಲ್ಲಿಸಿದರು. ಒಂದು ಗೂಡನ್ನು ಹಗಲೆಲ್ಲ ಚಿತ್ರ ಹಿಡಿದಿಡಬೇಕಿತ್ತು, ಅದಕ್ಕೊಂದು ಕಂಪ್ಯೂಟರು ಬೇಕಿತ್ತು. ಬಿಎಸ್ಸಿಯಲ್ಲಿ ಕಂಪ್ಯೂಟರ್ ಓದಿದ ಜಂಬಕ್ಕೆ ನಾನು ನನ್ನದನ್ನೇ ಕೊಟ್ಟೆ. ಇನ್ವರ್ಟರಿನ ಪ್ಲಗ್ಗು ಇದ್ದದ್ದು ಸವಿತಳ ಕೋಣೆಯಲ್ಲಿ. ಅಲ್ಲಿಟ್ಟರೆ ಮಲಗಿದವಳಿಗೆ ತೊಂದರೆಯಾಗುತ್ತದೇನೋ ಎಂದು ನಾನು ಅನುಮಾನಿಸಿದೆ.

"ಮಡಗಿ ಮೇಡಮ್ಮಾರೆ" ಅಂದರು ಜಯಮ್ಮ. "ಸೂರು ನೋಡಿ ನೋಡಿ ನನ್ ಮಗ್ಳಿಗೆ ತಲೆ ಕೆಟ್ಟೋಯ್ತದೆ. ಅಕ್ಕಿನಾರೂ ನೋಡ್ಕಂಡಿರ್ಲಿ."

ನಾನು ಮಾನಿಟರನ್ನು ಹಾಸಿಗೆಯ ಎದುರಿಗೆ ಅವಳ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ, ಚಿತ್ರವನ್ನು ಪರದೆ ತುಂಬ ಹಿಗ್ಗಿಸಿದೆ. ಅಂಚಿನ ಪಟ್ಟಿಗಳು, ಗಡಿಯಾರ, ಗುಂಡಿಗಳು ಎಲ್ಲ ಮಾಯವಾಗಿ ಕೋಣೆಯ ಗೋಡೆಯಲ್ಲಿ ಒಂದು ಮರ ತೆರೆದುಕೊಂಡಿತು. ಅದೇ ಮರದ ಕೆಳಗೆ ನಾನು ದಿನಾ ಛತ್ರಿ ಬಿಚ್ಚಿಕೊಂಡು ಓಡಾಡುತ್ತಿದ್ದವಳು. ಮೇಲಿನಿಂದ ಬೀಳುವುದನ್ನು ನೋಡಿದ್ದೆನೇ ಹೊರತು ಮೇಲೇನಿದೆ ಅಂತ ನೋಡಿರಲಿಲ್ಲ. ಈಗ ಕೊಕ್ಕರೆಯ ಹಳದಿ ಕೊಕ್ಕು ನನ್ನ ಮುಂಗೈಯಷ್ಟು ಉದ್ದ ಕಂಡಿತು. ರೆಕ್ಕೆಯ ಹಿಂದಿನ ಗರಿಗಳ ಗುಲಾಬಿ ಬಣ್ಣ, ಕಣ್ಣಿನ ಸುತ್ತಲಿನ ಸುಕ್ಕು, ಗಾಳಿಗೆ ನಡುಗುವ ಒಂದೊಂದು ಎಳೆ ಪುಕ್ಕ. ಸವಿತ, ಜಯಮ್ಮ, ನಾನು, ಮೂವರೂ ಮಾತು ಬಿಟ್ಟು ನೋಡಿದೆವು. ಜಯಮ್ಮ ಮಾತು ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಫೆಬ್ರವರಿಯಲ್ಲಿ ಮೊಟ್ಟೆ ಬಂದವು. ಗಂಡು ಹೆಣ್ಣು ಪಾಳಿಯ ಮೇಲೆ ಕಾವು ಕೊಟ್ಟವು. ಒಂದು ಎದ್ದು ಶಿಂಷಾ ನದಿಯ ಕಡೆ ಹಾರಿದರೆ ಇನ್ನೊಂದು ಬಂದು, ಕಾಲು ಮಡಿಸಿ, ಮೊಟ್ಟೆಗೆ ಪೆಟ್ಟು ತಾಗೀತೇನೋ ಎಂಬಷ್ಟು ನಿಧಾನವಾಗಿ ಕೂರುತ್ತಿತ್ತು. ಮಾರ್ಚ್ ಶುರುವಿನ ಒಂದು ಮಧ್ಯಾಹ್ನ ಹಕ್ಕಿ ಎದ್ದು ನಿಂತು ತನ್ನ ಕಾಲ ಕೆಳಗೆ ನೋಡಿತು. ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಜಯಮ್ಮ ಸೊಪ್ಪು ಬಿಡಿಸುವುದು ನಿಲ್ಲಿಸಿದರು. ಆಗ ಪರದೆಯ ಬಲಗಡೆ ಕೆಳಮೂಲೆಯಿಂದ ಒಂದು ನೀಲಿ ಚೌಕ ಜಾರಿ ಬಂದು, ಸರಿಯಾಗಿ ಗೂಡಿನ ಮೇಲೆ ಕೂತು, ಹೊಸ ಅಪ್‌ಡೇಟ್ ಸಿದ್ಧವಿದೆ, ಈಗ ರೀಸ್ಟಾರ್ಟ್ ಮಾಡಲೇ ಎಂದು ಕೇಳಿತು.

"ಯಾರವ್ನು, ಬಾಣಂತಿ ಕ್ವಾಣೆಗೆ ಚಪ್ಪಲಿ ಹಾಕ್ಕಂಡು ನುಗ್ಗಿರೋನು?" ಎಂದರು ಜಯಮ್ಮ. "ತೊಲಗ್ಸವ್ವ ಅವ್ನ."

ಸವಿತ ತೊಲಗಿಸಲು ಹೋಗಿ ಒತ್ತಬಾರದ ಕಡೆ ಒತ್ತಿದಳು. ಕಂಪ್ಯೂಟರು ನಿದ್ದೆಗೆ ಹೋಗಿ, ಗಿರಗಿರ ಸುತ್ತಿ, ಮತ್ತೆ ಎದ್ದು ಬರುವಷ್ಟರಲ್ಲಿ ಮರಿ ಹೊರಗೆ ಬಂದಿತ್ತು. ಒದ್ದೆಯಾಗಿ, ಕಣ್ಣು ಮುಚ್ಚಿಕೊಂಡು, ತನ್ನ ತಲೆಯ ಭಾರ ತಡೆಯಲಾರದೆ ತೂಗುತ್ತಿತ್ತು. ಮರಿ ಬಂದ ಖುಷಿಗೆ ಆವತ್ತು ನಾವು ಆ ನೀಲಿ ಚೌಕವನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಬಿಸಿಲು ಏರಿದಂತೆ ನಾನು ನನ್ನ ಜೀವನದಲ್ಲಿ ಮರೆಯಲಾಗದ್ದನ್ನು ಕಂಡೆ. ನಡುಮಧ್ಯಾಹ್ನ ಕಾಗೆಯೂ ನೆರಳು ಹುಡುಕುವ ಹೊತ್ತಿನಲ್ಲಿ ತಾಯಿಕೊಕ್ಕರೆ ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು ನಿಂತು, ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ ಹಿಡಿಯುತ್ತಿತ್ತು. ಅಷ್ಟರಲ್ಲಿ ಎರಡಾಗಿದ್ದ ಮರಿಗಳು ಆ ನೆರಳಿನಲ್ಲಿ ಮಲಗುತ್ತಿದ್ದವು. ಹೊತ್ತು ಸರಿದ ಹಾಗೆ ಹಕ್ಕಿಯೂ ಒಂದೊಂದೇ ಹೆಜ್ಜೆ ಸರಿದು ನೆರಳನ್ನು ಮರಿಗಳ ಮೇಲೇ ಇಟ್ಟಿರುತ್ತಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ರೆಕ್ಕೆ ಮಾತ್ರ ಮಡಿಸುತ್ತಿರಲಿಲ್ಲ. ನಾನು ಮೇಷ್ಟ್ರುಗಿರಿಯವಳು, ಕೋನ ಗೀನ ಎಲ್ಲ ಪಾಠ ಮಾಡುವವಳು. ಈ ಹಕ್ಕಿಗೆ ಸೂರ್ಯನ ಕೋನ ಹೇಳಿಕೊಟ್ಟವರು ಯಾರು ಅಂತ ಯೋಚಿಸುತ್ತ ಕೂರುತ್ತಿದ್ದೆ. ಸವಿತ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತ ಮಲಗಿರುತ್ತಿದ್ದಳು.

ದಿನವಿಡೀ ಮೊಬೈಲು ಹಿಡಿದರೆ ಕೈ ಜೋಮು ಹಿಡಿಯುತ್ತದೆಂದು ಅವಳ ಮೆಸೇಜುಗಳೂ ಅದೇ ಕಂಪ್ಯೂಟರಿಗೆ ಬರುವ ಹಾಗೆ ನಾನು ಜೋಡಿಸಿಕೊಟ್ಟಿದ್ದೆ. ಮಲಗಿದಲ್ಲಿಂದಲೇ ಓದಲಿ ಎಂದು ಅಕ್ಷರಗಳನ್ನು ದೊಡ್ಡದು ಮಾಡಿದ್ದೆ. ಅಕ್ಷರ ದೊಡ್ಡದಾದಷ್ಟೂ ಆ ಚೌಕದಲ್ಲಿ ಹಿಡಿಸುವ ಪದ ಕಮ್ಮಿಯಾಯಿತು. ಉಳಿದದ್ದಕ್ಕೆ ಅದು ಮೂರು ಚುಕ್ಕಿ ಇಟ್ಟು ಸುಮ್ಮನಾಗುತ್ತಿತ್ತು.

ಮಾರ್ಚ್ ಕೊನೆಯ ಒಂದು ಶನಿವಾರ. ಬೆಳಗಿನ ಶಾಲೆ ಮುಗಿಸಿ ನಾನು ಗೇಟು ತೆಗೆಯುತ್ತಿದ್ದೆ. ಜಯಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಕೋಣೆಯಲ್ಲಿ ಸವಿತ ಒಬ್ಬಳೇ ಇದ್ದಳು. ಹಕ್ಕಿ ರೆಕ್ಕೆ ಬಿಚ್ಚಿ ನಿಂತಿತ್ತು. ಆ ರೆಕ್ಕೆಯ ಮೇಲೆ ಚೌಕ ಜಾರಿ ಬಂತು. ಮಹೇಶನ ತಂಗಿ ಪುಷ್ಪಳ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಮೂರು ಪದ:

ಅಣ್ಣ ಕಂಬದಿಂದ ಬಿದ್ದ…

ಕಣ್ಣು ಮಿಟುಕಿಸುವಷ್ಟರಲ್ಲಿ ಚೌಕ ಬಂದ ದಾರಿಯಲ್ಲೇ ಜಾರಿಹೋಯಿತು. ಪರದೆಯಲ್ಲಿ ಮತ್ತೆ ಹಕ್ಕಿ, ರೆಕ್ಕೆ, ಬಿಸಿಲು.

ಲೈನ್‌ಮ್ಯಾನಿನ ಹೆಂಡತಿಗೆ ಇನ್ನೇನು ಬೇಕು? ಮದುವೆಯಾದ ದಿನದಿಂದ ಅವಳು ಹೆದರಿಕೊಂಡಿದ್ದ ಸುದ್ದಿ ಅದೊಂದೇ. ಸವಿತ ಎದ್ದಳು. ಮೊಬೈಲು ಹಜಾರದಲ್ಲಿ ಚಾರ್ಜಿಗಿತ್ತು, ಅಲ್ಲಿಗೆ ಓಡಿದಳು. ಪುಷ್ಪಳ ಮೆಸೇಜು ತೆಗೆದು ಓದಬೇಕೆಂದು ಅವಳಿಗೆ ಹೊಳೆಯಲಿಲ್ಲ, ಯಾರಿಗೆ ಹೊಳೆಯುತ್ತದೆ? ಮಹೇಶನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ನಾನು ಒಳಗೆ ಕಾಲಿಟ್ಟಾಗ ಅವಳು ಗೋಡೆ ಹಿಡಿದು ನಿಂತಿದ್ದಳು, ಸೀರೆಯ ಅಂಚಿನಲ್ಲಿ ರಕ್ತವಿತ್ತು. "ಅವ್ರು ಬಿದ್ಬಿಟ್ರು ಮೇಡಮ್" ಅಂದಳು. ಕಿರುಚಲಿಲ್ಲ, ಮೆಲ್ಲಗೆ ಹೇಳಿದಳು. ನಾನು ಅವಳನ್ನು ಹಿಡಿದುಕೊಂಡು ಹಿತ್ತಲ ಕಡೆ ಜಯಮ್ಮನನ್ನು ಕೂಗಿದೆ.

ಸಿದ್ದೇಗೌಡರು ಪಕ್ಕದ ಮನೆಯ ಕಾರು ತಂದರು. ಹಿಂದಿನ ಸೀಟಿನಲ್ಲಿ ಸವಿತಳ ತಲೆ ಜಯಮ್ಮನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಜಯಮ್ಮ ಒಂದೇ ಸಮ ದೇವರ ಹೆಸರು ಹೇಳುತ್ತಿದ್ದರು. ಮದ್ದೂರು ಹತ್ತಿರವಾದಾಗ ನನ್ನ ಕೈಯಲ್ಲಿದ್ದ ಸವಿತಳ ಮೊಬೈಲಿನಲ್ಲಿ ಪುಷ್ಪಳ ಮೆಸೇಜು ತೆಗೆದೆ. ಒಂದು ಸಲ ಓದಿದೆ. ನಂಬಿಕೆ ಬರಲಿಲ್ಲ. ಆಮೇಲೆ ಜೋರಾಗಿ ಓದಿದೆ:

"ಅಣ್ಣ ಕಂಬದಿಂದ ಬಿದ್ದ ಗೊರವಂಕದ ಮರಿನ ಮನೆಗೆ ತಂದು ಬೆರಳಲ್ಲಿ ಅನ್ನ ತಿನ್ನುಸ್ಬುಟ್ಟು ಡ್ಯೂಟಿಗೆ ಹೋದ. ನೋಡತ್ಗೆ ನಿನ್ ಗಂಡ ಬಾಣಂತನ ಕಲೀತಾವ್ನೆ."

ಬಿದ್ದದ್ದು ಹಕ್ಕಿ. ಕಂಬದ ಪೊಳ್ಳಿನಲ್ಲಿ ಗೊರವಂಕ ಗೂಡು ಕಟ್ಟಿತ್ತಂತೆ. ಅದರ ಮರಿ ಬಿದ್ದಿತ್ತು, ಮಹೇಶ ಎತ್ತಿಕೊಂಡಿದ್ದ, ಅಷ್ಟೆ. "ಬಿದ್ದ" ಅನ್ನುವ ಪದ ಅಲ್ಲಿಗೇ ನಿಂತರೆ ಮನುಷ್ಯ ಬೀಳುತ್ತಾನೆ, ಮುಂದೆ ಹೋದರೆ ಹಕ್ಕಿಮರಿ ಬೀಳುತ್ತದೆ. ಕನ್ನಡದಲ್ಲಿ ಮಾತಿನ ಜೀವ ಇರುವುದು ಕೊನೆಯಲ್ಲಿ. ಕೊನೆಯ ಪದ ಬರುವ ತನಕ ಬಿದ್ದವರು ಯಾರು, ಬದುಕಿದವರು ಯಾರು, ಒಂದೂ ತಿಳಿಯುವುದಿಲ್ಲ. ಎಲ್ಲೋ ದೂರದಲ್ಲಿ ಕೂತು ಆ ಚೌಕ ಮಾಡಿದವನಿಗೆ ಇದು ಹೇಗೆ ಗೊತ್ತಿರಬೇಕು? ಜಾಗ ಸಾಲದಿದ್ದರೆ ಕತ್ತರಿಸು ಅಂತ ಅವನು ಹೇಳಿಟ್ಟಿದ್ದ, ಅದು ಕತ್ತರಿಸಿತ್ತು.

ಸವಿತ ನಕ್ಕಳು, ನಗುತ್ತಲೇ ಅತ್ತಳು. ರಕ್ತ ಮಾತ್ರ ನಿಂತಿರಲಿಲ್ಲ. ಸುದ್ದಿ ಸುಳ್ಳಾದರೂ ಅದು ಮಾಡಬೇಕಾದ್ದನ್ನು ಮಾಡಿಯೇ ಬಿಟ್ಟಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಹೊಟ್ಟೆಯ ಮೇಲೆ ಒಂದು ಉಪಕರಣವಿಟ್ಟು ಹುಡುಕಿದರು. ಗೊರಗೊರ ಸದ್ದು, ಮತ್ತೆ ಏನೂ ಇಲ್ಲ. ಜಾಗ ಬದಲಿಸಿದರು. ಜಯಮ್ಮ ನನ್ನ ಮುಂಗೈ ಹಿಡಿದಿದ್ದರು, ಬಳೆ ಒತ್ತಿ ಗುರುತು ಮೂಡಿತ್ತು. ಆಮೇಲೆ ಸಣ್ಣ ಸ್ಪೀಕರಿನಲ್ಲಿ ಅದು ಕೇಳಿಸಿತು, ಯಾರೋ ಬರಿಗಾಲಲ್ಲಿ ಓಡಿಬರುವ ಹಾಗೆ ದಬದಬ. ಮಗುವಿನ ಎದೆ. ಅಷ್ಟು ಸಣ್ಣ ಜೀವ ಅಷ್ಟು ಅವಸರದಲ್ಲಿ ಬಡಿದುಕೊಳ್ಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಮಹೇಶ ಮಳವಳ್ಳಿಯಿಂದ ಬೈಕಿನಲ್ಲಿ ಬಂದಾಗ ಅವನ ಅಂಗಿಯ ಜೇಬು ಕಿಚಿಕಿಚಿ ಎನ್ನುತ್ತಿತ್ತು.

"ಅಳೀಮಯ್ಯ, ಆ ಅಕ್ಕಿನೂ ಕಟ್ಕಂಡು ಬಂದ್ರಾ?" ಎಂದರು ಜಯಮ್ಮ.

"ಗಳಿಗೆಗೊಂದ್ ಸಲ ತಿನ್ನುಸ್ಬೇಕು ಅತ್ತೆ. ಮನೇಲಿ ಬೆಕ್ಕೈತೆ" ಎಂದ ಅವನು. ಕಂಬ ಹತ್ತುವಾಗ ಮೊಬೈಲನ್ನು ಬೈಕಿನ ಪೆಟ್ಟಿಗೆಯಲ್ಲಿಡುವುದು ಅವನ ರೂಢಿ. ಸವಿತ ಫೋನ್ ಮಾಡಿದಾಗ ಅವನು ಇನ್ನೊಂದು ಕಂಬದ ತುದಿಯಲ್ಲಿದ್ದ. ಹೆಂಡತಿಯ ಪಕ್ಕ ಕೂತು ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡ, ಜೇಬು ಕಿಚಿಕಿಚಿ ಎನ್ನುತ್ತಲೇ ಇತ್ತು.

ರಕ್ತ ನಿಂತಿತು. ವಾರ ಇಟ್ಟುಕೊಂಡು ಮುಂದಿನ ಶನಿವಾರ ಮನೆಗೆ ಕಳಿಸಿದರು. ಇನ್ನೊಮ್ಮೆ ಹೀಗಾದರೆ ಮಗು ಉಳಿಸುವುದು ಕಷ್ಟ ಎಂದು ಹೇಳಿಯೇ ಕಳಿಸಿದರು. ಮನೆ ತಲುಪಿದ ಕೂಡಲೇ ಜಯಮ್ಮ ಕಂಪ್ಯೂಟರಿನ ಪ್ಲಗ್ಗು ಕಿತ್ತರು.

"ಇದ್ನ ತಕ್ಕಂಡೋಗಿ ಅಟ್ಟದ್ ಮ್ಯಾಕೆ ಮಡಗ್ಬುಡಿ ಮೇಡಮ್ಮಾರೆ. ಪಿಚ್ಚರೂ ಬ್ಯಾಡ, ಸುದ್ದೀನೂ ಬ್ಯಾಡ."

"ಪ್ಲಗ್ ಯಾಕೆ ಕೀಳ್ತೀರಿ? ಒಂದು ಸೂಚನೆಯೂ ಬರದ ಹಾಗೆ ಬಂದ್ ಮಾಡಿಬಿಡ್ತೀನಿ. ಬರೀ ಹಕ್ಕಿ ಕಾಣುತ್ತೆ, ಬೇರೇನೂ ಇಲ್ಲ" ಎಂದೆ ನಾನು. ನನಗೂ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಸವಿತ ಗೋಡೆಯ ಕಡೆ ಮುಖ ಮಾಡಿದ್ದವಳು ತಿರುಗಿದಳು. "ಇಬ್ರೂ ಒಂದೇ ಮಾತಾಡ್ತಿದೀರ. ಒಬ್ರು ಕಣ್ಣು ಮುಚ್ಚುಸ್ತೀರ, ಒಬ್ರು ಕಿವಿ ಮುಚ್ಚುಸ್ತೀರ. ಮಲಗಿರೋಳು ನಾನು ಕಣವ್ವ. ನನ್ನೊಂದ್ ಮಾತು ಕೇಳಾಕಿಲ್ವಾ?"

ಜಯಮ್ಮ ಪ್ಲಗ್ಗು ಹಿಡಿದುಕೊಂಡೇ ನಿಂತರು.

"ಏನೂ ಬರ್ದಂಗೆ ಮಾಡಿದ್ರೆ ನೆಮ್ಮದಿಯಾಗಿರ್ತೀನಿ ಅನ್ಕಂಡ್ರಾ ಮೇಡಮ್? ಇವತ್ತೇನಾದ್ರೂ ಆಗಿ, ನಂಗೆ ಮಾತ್ರ ಗೊತ್ತಾಗ್ದಂಗೆ ಮಾಡವ್ರೇನೋ ಅಂತ ಅದೇ ಯೋಚ್ನೆ. ಹಕ್ಕಿ ನೋಡ್ತಾವ್ಳೆ ಅಂತ ನೀವು ಅನ್ಕಂಡಿರ್ತೀರ. ನಾನು ಆ ಚೌಕ ಬರೋ ಮೂಲೆ ನೋಡ್ತಾ ಮಲಗಿರ್ತೀನಿ."

ಅವಳು ಹೇಳಿದ್ದು ನಿಜ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಜಯಮ್ಮನೇ ಪ್ಲಗ್ಗು ಹಾಕಿದರು. ಭಾನುವಾರವಿಡೀ ನಾನು ಸವಿತಳ ಹಾಸಿಗೆಯ ಪಕ್ಕ ಚಾಪೆಯ ಮೇಲೆ ಕೂತು ಗೂಡು ನೋಡಿದೆ. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಜೋರಾಗಿ ಹಾಡು ಹಾಕಿಕೊಂಡು ಹೋಯಿತು, ಹಕ್ಕಿ ಕದಲಲಿಲ್ಲ. ಬಸ್ಸು ಹಾರನ್ ಬಾರಿಸಿತು, ಪಕ್ಕದ ಕೊಂಬೆಯಲ್ಲಿ ಎರಡು ಹೆಜ್ಜಾರ್ಲೆಗಳು ಜಾಗಕ್ಕೆ ಕಾದಾಡಿದವು, ಹಕ್ಕಿ ತಲೆ ಎತ್ತಲಿಲ್ಲ. ಆಮೇಲೆ ಒಂದು ಸದ್ದೂ ಇಲ್ಲದೆ ಗೂಡಿನ ಮೇಲೆ ತೆಳ್ಳಗೆ ಒಂದು ನೆರಳು ಹಾದುಹೋಯಿತು. ಹಕ್ಕಿಯ ಕತ್ತು ಸರಕ್ಕನೆ ಮೇಲಕ್ಕೆ ತಿರುಗಿತು, ಕೊಕ್ಕು ಕಟಕಟ ಬಡಿಯಿತು. ಹದ್ದು.

"ನೋಡಿದ್ರಾ ಮೇಡಮ್?" ಎಂದಳು ಸವಿತ. "ಅಷ್ಟು ಗದ್ದಲ ಆದ್ರೂ ಅದಕ್ಕೆ ಬ್ಯಾಡ. ನೆರಳು ಮಾತ್ರ ಬೇಕು."

ಮರಿಗಳಿಗೆ ಸಂಬಂಧವಿಲ್ಲದ್ದು ಎಷ್ಟು ಜೋರಾಗಿದ್ದರೂ ಆ ಹಕ್ಕಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಸಂಬಂಧಪಟ್ಟದ್ದು ಎಷ್ಟು ಮೆಲ್ಲಗೆ ಬಂದರೂ ಬಿಡುತ್ತಿರಲಿಲ್ಲ. ಯಾವುದು ಯಾವುದೆಂದು ತೀರ್ಮಾನಿಸುವುದು ರೆಕ್ಕೆ ಬಿಚ್ಚಿ ನಿಂತ ಆ ಹಕ್ಕಿಯೇ ಹೊರತು ಟ್ರ್ಯಾಕ್ಟರಿನವನಲ್ಲ. ಪರದೆ ತುಂಬ ಒಂದೇ ಚಿತ್ರ ಇಟ್ಟುಕೊಂಡವರು ಬಾಗಿಲು ಮುಂದೆ ಮಾಡಿಕೊಂಡು ಕೂತವರು. ಒಳಗಿರುವವರನ್ನು ಕೇಳದೆ ಬಾಗಿಲು ತಳ್ಳುವುದೂ ತಪ್ಪು, ಅವರನ್ನು ಕೇಳದೆ ಹೊರಗಿನಿಂದ ಚಿಲಕ ಹಾಕುವುದೂ ತಪ್ಪು. ಇಷ್ಟು ಸರಳ ಸಂಗತಿಗೆ ನನಗೆ ಒಂದು ಕೊಕ್ಕರೆ ಬೇಕಾಯಿತು.

"ನಿನಗೆ ಏನು ಬೇಕು ಹೇಳು" ಎಂದೆ.

ಅವಳು ಹೇಳಿದಳು, ನಾನು ಬರೆದೆ. ದೊಡ್ಡ ಪ್ರೋಗ್ರಾಮೇನೂ ಅಲ್ಲ. ಗೂಡು ಪರದೆ ತುಂಬ ಇರುವಷ್ಟು ಹೊತ್ತು ಬಂದ ಮಾತೆಲ್ಲ ಹೊರಗೆ ಕಾಯಬೇಕು, ಆದರೆ ಕಳೆದುಹೋಗಬಾರದು. ಯಾರೋ ಕಾಯುತ್ತಿದ್ದಾರೆ ಎನ್ನುವುದಕ್ಕೆ ಪರದೆಯ ಕೆಳಗಿನ ಅಂಚಿನಲ್ಲಿ ಅರಿಸಿನ ಬಣ್ಣದ ಒಂದು ಎಳೆ, ದಾರದಷ್ಟು. ಸದ್ದಿಲ್ಲ, ಮಿಣುಕುವುದಿಲ್ಲ, ಹಕ್ಕಿಯ ಮೇಲೆ ಬರುವುದಿಲ್ಲ. ಅವಳಿಗೆ ಬೇಕಾದಾಗ ಕೀಬೋರ್ಡಿನ ಉದ್ದನೆಯ ಗುಂಡಿ ಒತ್ತಿದರೆ ಎಲ್ಲ ಮಾತೂ ಪೂರ್ತಿಯಾಗಿ, ಕೊನೆಯ ಪದದ ತನಕ ತೆರೆದುಕೊಳ್ಳಬೇಕು. ಅರ್ಧ ಮಾತು ಯಾವತ್ತೂ ಕಾಣಬಾರದು. ಅಪ್‌ಡೇಟು ಗಿಪ್‌ಡೇಟು ಎಲ್ಲ ಹಕ್ಕಿಗಳು ಊರು ಬಿಟ್ಟ ಮೇಲೆ.

ಜಯಮ್ಮ ಆ ಎಳೆಯನ್ನು ಬಗ್ಗಿ ನೋಡಿ, "ಇದು ನಮ್ ಮಾವನೋರ ಕೆಮ್ಮು ಕಣ್ರವ್ವ" ಅಂದರು. ಹೆಂಗಸರಿದ್ದ ಕಡೆ ಬರುವ ಮುಂಚೆ ಅವರ ಮಾವ ಹೊರಗೆ ನಿಂತು ಕೆಮ್ಮುತ್ತಿದ್ದರಂತೆ, ಒಳಗಿನಿಂದ ಬನ್ನಿ ಅನ್ನುವ ತನಕ ಹೊಸ್ತಿಲು ದಾಟುತ್ತಿರಲಿಲ್ಲವಂತೆ. ಅವತ್ತಿನಿಂದ ಎಳೆ ಮೂಡಿದಾಗಲೆಲ್ಲ ಜಯಮ್ಮ, "ಸವೀ, ಯಾರೋ ಕೆಮ್ತಾವ್ರೆ ನೋಡು" ಅನ್ನುತ್ತಿದ್ದರು.

"ಒಂದು ಮಾತ್ರ ಕೆಮ್ಮೋದ್ ಬ್ಯಾಡ, ನೇರ ಬರ್ಲಿ" ಎಂದಿದ್ದಳು ಸವಿತ. "ಹಕ್ಕಿ ಮೇಲೆ ಬಂದ್ರೂ ಪರವಾಗಿಲ್ಲ. ಅವ್ರು ಕಂಬ ಇಳ್ದ್ ಮೇಲೆ ಇಳ್ದೆ ಅಂತ ಕಳಿಸ್ಲಿ. ಅಷ್ಟೇ ಸಾಕು."

ಒಂದೇ ಪದ. ಎಷ್ಟು ದಪ್ಪ ಅಕ್ಷರವಾದರೂ ಕತ್ತರಿಸಲು ಏನೂ ಉಳಿಯದ ಪದ. ಮಹೇಶ ಒಪ್ಪಿದ. ಮೊದಲ ದಿನ ತಮಾಷೆಗೆ "ಹಾಸಿಗೆ ಇಳ್ದೆ", "ಬಸ್ಸು ಇಳ್ದೆ" ಎಂದು ಕಳಿಸಿ ಹೆಂಡತಿಯಿಂದ ಚೆನ್ನಾಗಿ ಬೈಸಿಕೊಂಡ. ಆಮೇಲೆ ಕಂಬಕ್ಕೊಂದರಂತೆ ಸರಿಯಾಗಿ ಬರತೊಡಗಿತು. ಗೂಡಿನ ಪಕ್ಕದಲ್ಲಿ ಮೆಲ್ಲಗೆ ಮೂಡಿ, "ಇಳ್ದೆ" ಎಂದು ಹೇಳಿ, ಮಾಸಿಹೋಗುತ್ತಿತ್ತು. ಸವಿತಳ ಭುಜ ಪ್ರತಿ ಸಲವೂ ಒಂದಿಷ್ಟು ಸಡಿಲವಾಗುವುದು ನನಗೆ ಕಾಣುತ್ತಿತ್ತು. ಒಂದು ದಿನ ಶಿಂಷಾ ಕಡೆಯಿಂದ ಬಂದ ಗಂಡು ಕೊಕ್ಕರೆ ಕಾಲು ಚಾಚಿ ಗೂಡಿಗೆ ಇಳಿಯುವುದಕ್ಕೂ, ಪಕ್ಕದಲ್ಲಿ "ಇಳ್ದೆ" ಎಂದು ಮೂಡುವುದಕ್ಕೂ ಸರಿಹೋಯಿತು.

ಬೇಸಿಗೆ ರಜೆಗೆ ಮಂಡ್ಯಕ್ಕೆ ಹೋದವಳು ವಾರದೊಳಗೆ ವಾಪಸ್ಸು ಬಂದೆ. ನಮ್ಮಮ್ಮ ಏನೇನೋ ಅನುಮಾನಪಟ್ಟಳು. ನಾನು ಬಂದದ್ದು ಎರಡು ಮರಿಕೊಕ್ಕರೆಗಳಿಗೆ ಮತ್ತು ಒಂದು ಹೊಟ್ಟೆಗೆ. ಮರಿಗಳು ಬೆಳೆದು ಗೂಡು ಸಾಲದಾಗಿತ್ತು. ಬೆಳಗಿನ ಗಾಳಿಗೆ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುತ್ತಿದ್ದವು, ಒಂದು ಗೇಣು ಮೇಲೆದ್ದು ಹೆದರಿ ಮತ್ತೆ ಗೂಡಿಗೇ ಕುಸಿಯುತ್ತಿದ್ದವು. ಮೇ ಕೊನೆಯ ಒಂದು ಬೆಳಿಗ್ಗೆ ದೊಡ್ಡ ಮರಿ ಕೊಂಬೆಯ ತುದಿಗೆ ನಡೆದು ಹೋಯಿತು. ಅದು ವಾಪಸ್ಸು ಬರುವ ನಡಿಗೆಯಲ್ಲ ಅಂತ ನೋಡಿದ ಕೂಡಲೇ ತಿಳಿಯಿತು. ಆಗಲೇ ಪರದೆಯ ಅಂಚಿನಲ್ಲಿ ಅರಿಸಿನದ ಎಳೆ ಮೂಡಿತು.

"ಯಾರೋ ಕೆಮ್ತಾವ್ರೆ" ಎಂದರು ಜಯಮ್ಮ.

"ನಿಂತಿರ್ಲಿ ಬುಡವ್ವ" ಎಂದಳು ಸವಿತ, ಕಣ್ಣು ಕೀಳದೆ.

ಮರಿ ಬಗ್ಗಿತು. ಕೊಂಬೆ ತೂಗಿತು. ಗಾಳಿ ಬಂದು ರೆಕ್ಕೆಯ ಕೆಳಗೆ ತುಂಬಿಕೊಂಡಿತು. ಹಕ್ಕಿ ಹಾರಿತು ಅನ್ನುವುದಕ್ಕಿಂತ ಕೊಂಬೆಯೇ ಅದನ್ನು ಬಿಟ್ಟುಕೊಟ್ಟಿತು ಅನ್ನಿಸಿತು. ಪರದೆಯಲ್ಲಿ ಬರೀ ಆಕಾಶ ಉಳಿಯಿತು. ನಾನು ಅಂಗಳಕ್ಕೆ ಓಡಿ ತಲೆ ಎತ್ತಿದೆ. ಇಷ್ಟಗಲ ರೆಕ್ಕೆ ಬಿಚ್ಚಿಕೊಂಡು ಊರಿನ ಮೇಲೆ ಒಂದು ಸುತ್ತು ಬಂತು, ಅದರ ನೆರಳು ನನ್ನ ಮೈಮೇಲೆ ಹಾದುಹೋಯಿತು. ಮೊದಲ ಸಲಕ್ಕೇ ಅಷ್ಟು ಚೆಂದ ಹಾರುವುದು ಹೇಗೆ ಸಾಧ್ಯ ಅಂತ ಈಗಲೂ ನನಗೆ ಅರ್ಥವಾಗಿಲ್ಲ. ಒಳಗೆ ಬಂದಾಗ ಸವಿತ ಗುಂಡಿ ಒತ್ತಿ ಕಾದಿದ್ದ ಮಾತು ಓದುತ್ತಿದ್ದಳು. ಗ್ಯಾಸ್ ಸಿಲಿಂಡರು ನಾಳೆ ಬರುತ್ತದಂತೆ.

ಶಾಲೆ ಶುರುವಾಯಿತು. ಜೂನಿನ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಸವಿತಳಿಗೆ ನೋವು ಕಾಣಿಸಿಕೊಂಡು ಮಂಡ್ಯಕ್ಕೆ ಕರೆದೊಯ್ದರು. ಡಾಕ್ಟರು ಹೇಳಿದ್ದ ಹೆದರಿಕೆ ಎಲ್ಲರ ತಲೆಯಲ್ಲೂ ಇತ್ತು. ಜಯಮ್ಮ ಕಾರು ಹತ್ತುವಾಗ ನನ್ನ ಕಡೆ ನೋಡಿದರು. ಮಧ್ಯಾಹ್ನ ಕೊನೆಯ ಕ್ಲಾಸು ನನ್ನದಿತ್ತು, ಅಷ್ಟು ಹೊತ್ತಾದರೂ ಸುದ್ದಿಯಿರಲಿಲ್ಲ. ಶಾಲೆಯ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಒಂದು ವೃತ್ತ ಮೂಡಿಸಿ, ಸ್ಪರ್ಶಕದ ಪಾಠ ಶುರುಮಾಡಿದೆ. ಎಲ್ಲ ಸೂಚನೆಗಳನ್ನೂ ಹೊರಗೆ ಕಾಯಲು ಬಿಟ್ಟು, ಒಬ್ಬಳ ಮಾತಿಗೆ ಮಾತ್ರ ದಾರಿ ಬಿಟ್ಟಿದ್ದೆ. ವೃತ್ತ ಹಾಗೇ ಇತ್ತು, ಅದರ ಮೇಲೆ ಏನೂ ಬರಲಿಲ್ಲ. ಪಾಠ ನನ್ನ ಬಾಯಿಂದ ತಾನಾಗಿ ಬರುತ್ತಿತ್ತು. ಬಾರದೆ ಇರುವುದನ್ನೇ ನೋಡುತ್ತ ಮಲಗಿರುವುದು ಅಂದರೇನೆಂದು ಅವತ್ತು ನನಗೆ ಗೊತ್ತಾಯಿತು.

ಗಂಟೆ ಹೊಡೆಯುವ ಹೊತ್ತಿಗೆ ವೃತ್ತದ ಮೂಲೆಯಲ್ಲಿ ಮೆಲ್ಲಗೆ ಅಕ್ಷರ ಮೂಡಿತು. ಸವಿತಳ ಹೆಸರು, ಅದರ ಕೆಳಗೆ ಒಂದೇ ಪದ:

ಇಳ್ದೆ

ನಾನು ಸೀಮೆಸುಣ್ಣ ಮೇಜಿನ ಮೇಲಿಟ್ಟೆ. ಇಡೀ ಕ್ಲಾಸು ಗೋಡೆಯನ್ನೂ ನನ್ನ ಮುಖವನ್ನೂ ನೋಡುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಯಾರು ಮಿಸ್ ಇಳ್ದಿದ್ದು?" ಎಂದು ಕೇಳಿದಳು.

"ಇಬ್ರು" ಅಂದೆ.